ಕ್ರಾಸ್‌ಬೋ: 400 ಅಡಿ ವೇಗಕ್ಕಿಂತ ಚೀಲದಲ್ಲಿರುವ ಹೆದೆ ಮುಖ್ಯ

ಕ್ರಾಸ್‌ಬೋ ಅಂದರೆ ಬಂದೂಕಿನ ಹಾಗೆ ಹಿಡಿದು ಟ್ರಿಗರ್ ಒತ್ತಿ ಬಾಣ ಬಿಡುವ ಅಡ್ಡಬಿಲ್ಲು. ಜಿಂಕೆ ಬೇಟೆಗೆ ರಿಕರ್ವ್ ಬೇಕೋ ಕಾಂಪೌಂಡ್ ಬೇಕೋ ಅಂದರೆ ನನ್ನ ಓಟು ರಿಕರ್ವ್‌ಗೇ (ತುದಿ ಮುಂದಕ್ಕೆ ಬಾಗಿದ ಸಾದಾ ಬಿಲ್ಲಿನದು), ಮೊದಲೇ ಹೇಳಿಬಿಡುತ್ತೇನೆ. ಅದರ ಬಾಣ ಸೆಕೆಂಡಿಗೆ 330 ಅಡಿ ಹೋಗುತ್ತದೆ. ಜೊತೆಗಿದ್ದ ಕಾಂಪೌಂಡ್‌ದು (ಬಿಲ್ಲಿನ ತುದಿಗಳಲ್ಲಿ ಕ್ಯಾಮ್ ಅನ್ನುವ ಚಕ್ರ, ಜೊತೆಗೆ ಕೇಬಲ್ ಇರುವುದು) 400.

ಈ 400ಕ್ಕೆ ಮರುಳಾಗುವವರೇ ಜಾಸ್ತಿ. ಆದರೆ ಮಿಶಿಗನ್‌ನಲ್ಲಿ ನಾನು ಕೂರುವ ಕಾಡಿನಲ್ಲಿ ಜಿಂಕೆ ಸಿಗುವುದೇ 30 ಗಜದೊಳಗೆ, ಅಂದರೆ 90 ಅಡಿ. ಅಷ್ಟು ದೂರಕ್ಕೆ ಎರಡು ಬಾಣಗಳ ನಡುವಿನ ಅಂತರ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು. ಸದ್ದು ಸೆಕೆಂಡಿಗೆ ಸುಮಾರು 1,100 ಅಡಿ ಓಡುತ್ತದೆ, ಎರಡೂ ಬಾಣಗಳಿಗಿಂತ ಮೊದಲೇ ಜಿಂಕೆಯ ಕಿವಿ ಮುಟ್ಟುತ್ತದೆ. ಬೆಚ್ಚುವ ಜಿಂಕೆ ಎರಡಕ್ಕೂ ಬೆಚ್ಚುತ್ತದೆ. ರಿಕರ್ವ್ ಸದ್ದು ಸ್ವಲ್ಪ ಜೋರು, ಒಪ್ಪುತ್ತೇನೆ.

ತಲೆ ತಿಂದದ್ದು ಕಾಂಪೌಂಡ್‌ನ ಹೆದೆ. ಅಕ್ಟೋಬರ್ ಕೊನೆ, ಗಂಡು ಜಿಂಕೆಗಳು ಹೆಣ್ಣಿನ ಹಿಂದೆ ಬಿದ್ದು ಹಗಲಲ್ಲೂ ಓಡಾಡುವ ಹೊತ್ತು. ಕೊಕ್ಕೆ ಹಿಡಿಯುವ ಜಾಗದಲ್ಲಿ ಹೆದೆಗೆ ಸುತ್ತಿದ್ದ ದಾರ ಬಿಚ್ಚಿಕೊಂಡಿತು. ಒಳಗಿನ ಎಳೆಗಳು ಇಣುಕುತ್ತಿದ್ದವು, ಒಂದೆರಡು ತುಂಡೂ ಆಗಿದ್ದವು. ಅಂಥ ಹೆದೆಯನ್ನು ಎಳೆಯಲೇಬಾರದು, ಕಿತ್ತು ಬಂದರೆ ಕೈ ಉಳಿಯುವುದಿಲ್ಲ.

ಬದಲಿಸೋಣ ಅಂದರೆ ಬಿಲ್ಲನ್ನು ಅದುಮಿ ಹಿಡಿಯುವ ಪ್ರೆಸ್ ಬೇಕು. ಅಂಗಡಿಯಲ್ಲಿ ಸೀಸನ್ ರಶ್ಶು, ಎರಡು ವಾರ ಬಿಟ್ಟು ಬಾ ಅಂದರು. ಹೆದೆ, ಕೇಬಲ್, ಕೂಲಿ ಸೇರಿ 150 ಡಾಲರ್ ದಾಟಿತು. ಆಮೇಲೆ ಎರಡೂ ಕ್ಯಾಮ್ ಒಟ್ಟಿಗೆ ತಿರುಗುತ್ತವಾ ನೋಡಬೇಕು, ಗುರಿ ನೋಡುವ ಸ್ಕೋಪ್ ಮತ್ತೆ ಹೊಂದಿಸಬೇಕು. ಅಷ್ಟರಲ್ಲಿ ನವೆಂಬರ್ 15 ಬಂತು, ಬಂದೂಕಿನ ಸೀಸನ್ ಶುರುವಾಗಿ ಬಂದೂಕಿನವರೆಲ್ಲ ಕಾಡಿಗಿಳಿದರು.

ರಿಕರ್ವ್‌ನಲ್ಲಿ ಕ್ಯಾಮೂ ಇಲ್ಲ, ಕೇಬಲ್ಲೂ ಇಲ್ಲ. ಚೀಲದಲ್ಲಿ ಇನ್ನೊಂದು ಹೆದೆ, ಬಿಲ್ಲು ಬಗ್ಗಿಸಲು ಒಂದು ಉದ್ದ ಹಗ್ಗ ಇದ್ದರೆ ಸಾಕು. ಹಗ್ಗ ಹಾಕಿ ಬಗ್ಗಿಸಿ, ಹಳೇದು ಕಳಚಿ ಹೊಸದು ಸಿಕ್ಕಿಸಿದರೆ ಮುಗೀತು. ಮರದ ಬುಡದಲ್ಲೇ ಆಗುವ ಕೆಲಸ. ಹೆದೆಗೆ ನಾನು ಕೊಟ್ಟಿದ್ದು 30 ಡಾಲರ್ ಒಳಗೆ.

ಅಗಲ ಮಾತ್ರ ಜಾಸ್ತಿ. ಕೂರುವ ಡೇರೆಯ ಕಿಟಕಿಗೆ ತಗಲುತ್ತದೆ. ಕಾಂಪೌಂಡ್ ಇಕ್ಕಟ್ಟಿನಲ್ಲಿ ಸಲೀಸು, ಕ್ರ್ಯಾಂಕ್ (ತಿರುಗಿಸಿ ಹೆದೆ ಎಳೆಯುವ ಹಿಡಿ) ಇರುವುದು ಕೊಂಡರೆ ಹೆದೆ ಏರಿಸುವುದೂ ಸುಲಭ. ಭುಜನೋವಿನವರಿಗೆ ಇದು ಸಣ್ಣ ವಿಷಯವಲ್ಲ. ಬಾಣ ಇಡದೆ ಬರೀ ಹೆದೆ ಎಳೆದು ಬಿಡುವುದು ಎರಡಕ್ಕೂ ಕೇಡು.

(ಊರಿಗೆ ತರ್ತೀಯಾ ಅಂತ ಕೇಳುವ ಭಾವಂದಿರಿಗೆ: ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಬೇಟೆಯ ಮಾತೇ ಬೇಡ.)

ಹೊಲದಂಚಲ್ಲಿ ಕೂತು 50 ಗಜಕ್ಕೆ ಹೊಡೆಯುವವರು, ಸಾವಿರ ಡಾಲರ್ ಮೇಲೆ ಹಾಕಲು ತಯಾರಿರುವವರು ಕಾಂಪೌಂಡ್ ತಗೊಳ್ಳಿ. ನಾನು ನನ್ನದನ್ನು ಮಾರಿದೆ. ಬಂದ ದುಡ್ಡಲ್ಲಿ ಒಳ್ಳೆ ಬಾಣ ಕೊಂಡೆ, ಮಿಕ್ಕಿದ್ದು ಮನೆಯ ಫ್ರೀಜರ್‌ಗೆ ಹೋಯಿತು.