ಮನೆಯವರೆಲ್ಲ ಒಂದೇ ಅಡ್ಮಿನ್ ಅಕೌಂಟ್ ಬಳಸುತ್ತೀರಾ? ಹಾಗಾದರೆ ಇದನ್ನು ಓದಿ

ನಿಮ್ಮ ಮನೆಯ ಕಂಪ್ಯೂಟರ್ ಆನ್ ಮಾಡಿದರೆ ಪಾಸ್‌ವರ್ಡ್ ಕೇಳದೆ ನೇರವಾಗಿ ಡೆಸ್ಕ್‌ಟಾಪ್ ಬರುತ್ತದಾ? ಹಾಗಿದ್ದರೆ ಶಿವಮೊಗ್ಗದ ನಮ್ಮ ಅಕ್ಕನ ಮನೆಯಲ್ಲಿ ಆದದ್ದು ನಿಮ್ಮಲ್ಲೂ ಆಗಬಹುದು.

ಭಾವ ಮನೆಯಲ್ಲೇ ಕೂತು ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕಿಕೊಡುತ್ತಾರೆ. ಅಕ್ಕನ ಫೋಟೊಗಳು, ಮಗನ ಪ್ರಾಜೆಕ್ಟು ಎಲ್ಲವೂ ಅದೇ ಕಂಪ್ಯೂಟರಿನಲ್ಲಿ. ವಿಂಡೋಸ್ ಹಾಕಿಕೊಟ್ಟ ಅಂಗಡಿಯವರು ಮಾಡಿದ್ದು ಒಂದೇ ಅಕೌಂಟ್. ಅದೂ ಅಡ್ಮಿನಿಸ್ಟ್ರೇಟರ್, ಅಂದರೆ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಬದಲಾಯಿಸಬಲ್ಲ ಅಕೌಂಟ್. ಪಾಸ್‌ವರ್ಡ್ ಇಲ್ಲ. ಇದು ಅವರೊಬ್ಬರ ಅಭ್ಯಾಸವಲ್ಲ. ವಿಂಡೋಸ್ ಹಾಕುವಾಗ ಮೊದಲು ಮಾಡುವ ಅಕೌಂಟ್ ಅಡ್ಮಿನ್ನೇ ಆಗಿರುತ್ತದೆ. ಎಷ್ಟೋ ಮನೆಗಳಲ್ಲಿ ಅದೇ ಕೊನೆಯವರೆಗೂ ಉಳಿದುಬಿಡುತ್ತದೆ.

ಹುಡುಗ ಒಂದು ಆಟದ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಆಡಲು ಸಿಗುವ ಕಳ್ಳ ಪ್ರತಿ, ಡೌನ್‌ಲೋಡ್ ಮಾಡಿದ. ಮೊದಲು ಆಂಟಿವೈರಸ್ ಆಫ್ ಮಾಡಿ ಅಂತ ಅದರ ಜೊತೆಗೇ ಬರೆದಿತ್ತು. ಈ ಪ್ರೋಗ್ರಾಮಿಗೆ ಬದಲಾವಣೆ ಮಾಡಲು ಬಿಡಬೇಕಾ ಅಂತ ವಿಂಡೋಸ್ ಕೇಳಿತು. ಯೆಸ್ ಒತ್ತಿದ. ಹೈಸ್ಕೂಲ್ ಹುಡುಗ, ಆಟ ಆಡುವ ಆಸೆ. ಅವನನ್ನು ಬೈದು ಏನೂ ಪ್ರಯೋಜನವಿಲ್ಲ. ಇಡೀ ಮನೆಯ ಕಾಗದಪತ್ರ ಒಂದು ಯೆಸ್ ಬಟನ್ನಿನ ಮೇಲೆ ನಿಂತಿತ್ತಲ್ಲ, ನನಗೆ ಸಂಕಟವಾದದ್ದು ಅದಕ್ಕೆ.

ಸಂಜೆ ಭಾವನ ಎಕ್ಸೆಲ್ ಫೈಲುಗಳು ಒಂದೂ ಓಪನ್ ಆಗಲಿಲ್ಲ. ಪ್ರತಿಯೊಂದರ ಹೆಸರಿನ ಕೊನೆಗೂ ನಾಲ್ಕಕ್ಷರದ ಹೊಸ ಬಾಲ. ಫೋಲ್ಡರುಗಳಲ್ಲಿ ರೀಡ್‌ಮಿ ಅನ್ನುವ ಚೀಟಿ. 980 ಡಾಲರ್ ಕೊಡಿ, 72 ಗಂಟೆಯೊಳಗೆ ಬಂದರೆ ಅರ್ಧ, 490. ಇದು ಸ್ಟಾಪ್ ಅನ್ನುವ ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್. ಜಾಸ್ತಿ ಹರಡುವುದೇ ಇಂಥ ಕ್ರ್ಯಾಕುಗಳ ಮೂಲಕ. ಆ ಬೀಗ ತೆಗೆಯಲು ಎಮ್ಸಿಸಾಫ್ಟ್ ಕಂಪನಿಯ ಉಚಿತ ಟೂಲ್ ಇದೆ. ಆದರೆ ವೈರಸ್ಸು ತನ್ನ ಸರ್ವರ್ ಸಂಪರ್ಕಿಸಿ ಆ ಕಂಪ್ಯೂಟರಿಗೇ ಅಂತ ಬೇರೆ ಕೀ ತಂದಿದ್ದರೆ ಅದು ಕೆಲಸ ಮಾಡುವುದಿಲ್ಲ. ಇಲ್ಲಿ ಹಾಗೇ ಆಗಿತ್ತು. ದುಡ್ಡು ಕೊಡಲಿಲ್ಲ, ಫೈಲುಗಳು ಹೋದವು. ಇದರ ಜೊತೆಗೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮುಗಳೂ ಎಷ್ಟೋ ಸಲ ಬರುತ್ತವೆ. ಹಾಗಾಗಿ ಬ್ರೌಸರಿನಲ್ಲಿ ಸೇವ್ ಆಗಿದ್ದ ಬ್ಯಾಂಕ್, ಇಮೇಲ್, ಜಿಎಸ್‌ಟಿ ಪಾಸ್‌ವರ್ಡುಗಳನ್ನೆಲ್ಲ ಬೇರೆ ಕಂಪ್ಯೂಟರಿನಿಂದ ಬದಲಾಯಿಸಬೇಕಾಯಿತು.

ಹುಡುಗನಿಗೆ ಬೇರೆ ಸ್ಟ್ಯಾಂಡರ್ಡ್ ಅಕೌಂಟ್, ಅಂದರೆ ಅಡ್ಮಿನ್ ಅಧಿಕಾರ ಇಲ್ಲದ ಅಕೌಂಟ್ ಇದ್ದು, ಅಡ್ಮಿನ್ ಅಕೌಂಟಿಗೆ ಪಾಸ್‌ವರ್ಡ್ ಇದ್ದಿದ್ದರೆ? ವಿಂಡೋಸ್ ಯೆಸ್ ಬದಲು ಅಡ್ಮಿನ್ ಪಾಸ್‌ವರ್ಡ್ ಕೇಳುತ್ತಿತ್ತು. ಅವನು ಭಾವನನ್ನು ಕರೆಯಬೇಕಾಗುತ್ತಿತ್ತು. ಪಾಸ್‌ವರ್ಡ್ ಇಲ್ಲದೆಯೇ ವೈರಸ್ ಓಡಿದ್ದರೂ ಅವನ ಫೋಲ್ಡರುಗಳು ಹೋಗುತ್ತಿದ್ದವು, ಭಾವನ ಡಾಕ್ಯುಮೆಂಟ್ಸ್ ಉಳಿಯುತ್ತಿತ್ತು. ಸಿಸ್ಟಮ್ ರಿಸ್ಟೋರ್ ಆನ್ ಇದ್ದಾಗ ವಿಂಡೋಸ್ ಇಟ್ಟುಕೊಳ್ಳುವ ಫೈಲುಗಳ ಹಳೆಯ ಪ್ರತಿಗಳನ್ನು ಅಳಿಸಲು ಕೂಡ ವೈರಸ್ಸಿಗೆ ಅಡ್ಮಿನ್ ಅನುಮತಿ ಬೇಕು.

ಇಲ್ಲೊಂದು ಸೂಕ್ಷ್ಮ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ನಮ್ಮ ಕಡೆ ರಿಪೇರಿಯವರು ಡಿಸ್ಕನ್ನು ಸಿ ಮತ್ತು ಡಿ ಅಂತ ಭಾಗ ಮಾಡಿ, ಫೈಲೆಲ್ಲ ಡಿ ಡ್ರೈವಿನಲ್ಲಿಡಿ ಅನ್ನುತ್ತಾರೆ ಅಲ್ವಾ? ಸಾಮಾನ್ಯವಾಗಿ ಡಿ ಡ್ರೈವಿನಲ್ಲಿ ಆ ಕಂಪ್ಯೂಟರಿನ ಯಾವ ಅಕೌಂಟಿನವರು ಬೇಕಾದರೂ ಫೈಲ್ ತಿದ್ದಬಹುದು, ಅಳಿಸಬಹುದು. ಅಲ್ಲಿಟ್ಟ ಫೈಲಿಗೆ ಸ್ಟ್ಯಾಂಡರ್ಡ್ ಅಕೌಂಟಿನಿಂದ ರಕ್ಷಣೆ ಸಿಗುವುದಿಲ್ಲ. ಮುಖ್ಯವಾದದ್ದನ್ನು ನಿಮ್ಮ ಅಕೌಂಟಿನ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲೇ ಇಡಿ. ಅಲ್ಲಿಗೆ ಬೇರೆ ಸ್ಟ್ಯಾಂಡರ್ಡ್ ಅಕೌಂಟಿನವರು ಕೈಹಾಕಲಾಗದು.

ಮಾಡುವುದು ಕಷ್ಟವಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರಲ್ಲಿ ಯುವರ್ ಇನ್ಫೋ ನೋಡಿ. ಹೆಸರಿನ ಕೆಳಗೆ ಅಡ್ಮಿನಿಸ್ಟ್ರೇಟರ್ ಅಂತಿದ್ದರೆ, ಅದರ್ ಯೂಸರ್ಸ್‌ಗೆ ಹೋಗಿ ಹೊಸದೊಂದು ಅಕೌಂಟ್ ಮಾಡಿ, ಗಟ್ಟಿ ಪಾಸ್‌ವರ್ಡ್ ಕೊಡಿ. ಚೇಂಜ್ ಅಕೌಂಟ್ ಟೈಪ್ ಒತ್ತಿ ಆ ಹೊಸದನ್ನು ಅಡ್ಮಿನ್ ಮಾಡಿ. ಅದರಲ್ಲಿ ಲಾಗಿನ್ ಆಗಿ, ಈಗಿರುವ ಅಕೌಂಟನ್ನು ಸ್ಟ್ಯಾಂಡರ್ಡ್‌ಗೆ ಇಳಿಸಿ. ಫೈಲುಗಳು ಇದ್ದಲ್ಲೇ ಇರುತ್ತವೆ. ಅದಕ್ಕೂ ಪಾಸ್‌ವರ್ಡ್ ಹಾಕಿ. ಮಕ್ಕಳಿಗೆ ಬೇರೆ ಅಕೌಂಟ್ ಮಾಡಿ, ಅದು ಹುಟ್ಟುತ್ತಲೇ ಸ್ಟ್ಯಾಂಡರ್ಡ್ ಆಗಿರುತ್ತದೆ. ಅಡ್ಮಿನ್ ಪಾಸ್‌ವರ್ಡನ್ನು ಮಾನಿಟರಿಗೆ ಅಂಟಿಸಬೇಡಿ.

ನಿಮ್ಮದೇ ಅಕೌಂಟಿನಲ್ಲಿ ನೀವೇ ವೈರಸ್ ಓಡಿಸಿದರೆ ನಿಮ್ಮ ಫೈಲುಗಳನ್ನು ಇದು ಕಾಯುವುದಿಲ್ಲ. ಅದಕ್ಕೆ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಬ್ಯಾಕಪ್ ಬೇಕೇ ಬೇಕು. ಕಾಪಿ ಆದ ಕೂಡಲೇ ಕೇಬಲ್ ಬಿಚ್ಚಿಡಿ. ಭಾವನ ಬ್ಯಾಕಪ್ ಡಿಸ್ಕ್ ಕಂಪ್ಯೂಟರಿಗೆ ಸಿಕ್ಕಿಸಿಯೇ ಇತ್ತು, ಹಾಗಾಗಿ ಅದರಲ್ಲಿದ್ದದ್ದೂ ಹೋಯಿತು.