ಮೂರು ಕತ್ತಲೆಯ ಧಾರಾವಾಹಿಗಳು: ನನ್ನ ಮತ ‘ಮೈ ಮಿಸ್ಟರ್’ಗೆ

ಕೊರಿಯಾದ ‘ದ ಗ್ಲೋರಿ’ ಧಾರಾವಾಹಿ ನೋಡುವುದಕ್ಕೆಂದೇ ಮೂರು ತಿಂಗಳ ಒಟಿಟಿ ಚಂದಾ ಕಟ್ಟಿದವಳು ನಾನು. ಹದಿನಾರು ಕಂತುಗಳನ್ನು ಐದೇ ರಾತ್ರಿಗಳಲ್ಲಿ ಮುಗಿಸಿದೆ. ಉಳಿದ ದಿನಗಳ ಹಣ ದಂಡವಾಗಬಾರದೆಂದು ಹುಡುಕುತ್ತಿದ್ದಾಗ ಸಿಕ್ಕಿದ್ದು 2018ರ ಕೊರಿಯನ್ ಧಾರಾವಾಹಿ ‘ಮೈ ಮಿಸ್ಟರ್’, ಅದಾದ ಮೇಲೆ ತೈವಾನಿನ ‘ದ ವರ್ಲ್ಡ್ ಬಿಟ್ವೀನ್ ಅಸ್’. ಮೂರನ್ನೂ ‘ವಾಸ್ತವಕ್ಕೆ ಹತ್ತಿರ, ಮನಸ್ಸು ಕಲಕುವಂಥವು’ ಎಂದು ಒಂದೇ ಸಾಲಿನಲ್ಲಿ ಹೊಗಳುವವರಿದ್ದಾರೆ. ನನಗೆ ಮಾತ್ರ ಎರಡನೆಯದು ಉಳಿದೆರಡಕ್ಕಿಂತ ಬಹಳ ಮೇಲೆ ನಿಲ್ಲುತ್ತದೆ. ಮುಂದಿನ ಮಾತುಗಳನ್ನು ನನ್ನ ಆ ಪಕ್ಷಪಾತವನ್ನು ಲೆಕ್ಕಕ್ಕೆ ಹಿಡಿದೇ ಓದಬೇಕು.

‘ದ ಗ್ಲೋರಿ’ಯಲ್ಲಿ ಕೂದಲು ಸುರುಳಿ ಮಾಡುವ ಬಿಸಿ ಕಬ್ಬಿಣದಿಂದ ಸಹಪಾಠಿಗಳು ಮೈ ಸುಟ್ಟ ಹುಡುಗಿ, ಹದಿನೆಂಟು ವರ್ಷ ಕಾದು ಸೇಡು ತೀರಿಸಿಕೊಳ್ಳುತ್ತಾಳೆ. 2006ರಲ್ಲಿ ಚೊಂಗ್ಜು ನಗರದ ಶಾಲೆಯೊಂದರಲ್ಲಿ ನಡೆದ ಘಟನೆಯನ್ನು ಇದು ನೆನಪಿಸುತ್ತದೆ ಎಂದು ಕೊರಿಯಾದ ಪತ್ರಿಕೆಗಳು ಬರೆದಿದ್ದವು. ಆದರೆ ನನ್ನನ್ನು ಅಲುಗಾಡಿಸಿದ್ದು ಆ ಸುಟ್ಟ ಗಾಯಗಳಿಗಿಂತ ಹೆಚ್ಚಾಗಿ ಹೆತ್ತ ತಾಯಿಯೇ ಆರೋಪಿಗಳ ಕಡೆಯಿಂದ ಹಣ ಪಡೆದು, ಮಗಳು ಶಾಲೆ ಬಿಡುವ ಕಾಗದಕ್ಕೆ ಸಹಿ ಹಾಕುವ ಸಣ್ಣ ದೃಶ್ಯ. ಅಲ್ಲಿಂದಾಚೆಗೆ ಕಥೆ ಬಾದುಕ್ ಎಂಬ, ಕರಿ-ಬಿಳಿ ಕಾಯಿಗಳ ಕೊರಿಯನ್ ಆಟದ ಮಣೆಯ ಹಾಗೆ ಅಚ್ಚುಕಟ್ಟಾಗಿಬಿಡುತ್ತದೆ. ನಾಯಕಿ ಇಟ್ಟ ಕಾಯಿ ಬಹುಪಾಲು ಇಟ್ಟಲ್ಲೇ ಫಲ ಕೊಡುತ್ತದೆ, ದುಷ್ಟರೆಲ್ಲ ದುಬಾರಿ ಉಡುಪಿನಲ್ಲೇ ದುಷ್ಟತನ ಮಾಡುತ್ತಾರೆ, ಸಹಾಯಕ್ಕೆ ಒಬ್ಬ ಸುಂದರ ವೈದ್ಯನೂ ಒದಗುತ್ತಾನೆ. ನೋಡುವಾಗ ನಿದ್ದೆ ಬರುವುದಿಲ್ಲ, ನಿಜ. ವಾರ ಕಳೆದ ಮೇಲೆ ಆ ತಾಯಿಯ ಸಹಿಯ ಹೊರತು ನನ್ನಲ್ಲಿ ಹೆಚ್ಚೇನೂ ಉಳಿಯಲಿಲ್ಲ.

‘ಮೈ ಮಿಸ್ಟರ್’ನ ಇಪ್ಪತ್ತೊಂದರ ಹುಡುಗಿ ಜಿ-ಆನ್ ಒಂದು ಕಟ್ಟಡ ಸುರಕ್ಷತೆಯ ಕಂಪನಿಯಲ್ಲಿ ತಾತ್ಕಾಲಿಕ ನೌಕರಿಯಲ್ಲಿದ್ದಾಳೆ. ರಾತ್ರಿ ಹೋಟೆಲಿನಲ್ಲಿ ತಟ್ಟೆ ತೊಳೆದು, ಗಿರಾಕಿಗಳು ಬಿಟ್ಟ ಊಟವನ್ನು ಕಟ್ಟಿಕೊಂಡು ಮನೆಗೆ ತರುತ್ತಾಳೆ. ಕಚೇರಿಯಿಂದ ಕದ್ದು ತಂದ ಇನ್‌ಸ್ಟಂಟ್ ಕಾಫಿಯ ಎರಡು ಪೊಟ್ಟಣಗಳನ್ನು ಒಟ್ಟಿಗೆ ಹರಿದು ಒಂದೇ ಲೋಟಕ್ಕೆ ಸುರಿದುಕೊಳ್ಳುತ್ತಾಳೆ. ಮಾತು ಬಾರದ, ಕಿವಿ ಕೇಳದ ಅಜ್ಜಿಗೆ ಚಂದ್ರನನ್ನು ತೋರಿಸಲು ಅಂಗಡಿಯ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಾಳೆ. ಅವಳ ಹಿರಿಯ ಅಧಿಕಾರಿ, ನಲವತ್ತು ದಾಟಿದ ಎಂಜಿನಿಯರ್ ಡಾಂಗ್-ಹೂನ್, ಒಂದು ದಿನ ಅವಳಿಗೆ ಹೇಳುವುದು ಇಷ್ಟೇ: ಮೊಮ್ಮಗಳು ಅಜ್ಜಿಯ ಪೋಷಣೆಗೆ ಕಾನೂನಿನಂತೆ ಹೊಣೆಯಲ್ಲ, ವಿಳಾಸ ಬೇರೆ ಮಾಡಿಸಿ ಅರ್ಜಿ ಹಾಕಿದರೆ ಆರೈಕೆ ಕೇಂದ್ರದಲ್ಲಿ ಉಚಿತವಾಗಿ ಜಾಗ ಸಿಗಬಹುದು. ಅಷ್ಟು ವರ್ಷ ಅವಳಿಗೆ ಅದನ್ನು ತಿಳಿಸುವವರೇ ಇರಲಿಲ್ಲ. ಬಡತನವೆಂದರೆ ಅರ್ಜಿಯ ವಿಷಯ ಹೇಳಿಕೊಡುವ ಒಬ್ಬ ಪರಿಚಯಸ್ಥನೂ ಇಲ್ಲದಿರುವುದು ಎಂಬುದನ್ನು ಇಷ್ಟು ತಣ್ಣಗೆ ತೋರಿಸಿದ ಧಾರಾವಾಹಿಯನ್ನು ನಾನು ಬೇರೆ ನೋಡಿಲ್ಲ. ಕೊರಿಯಾದ ಸಿನಿಮಾ-ಟಿವಿಗೆ ಕೊಡುವ ಬೆಕ್‌ಸಾಂಗ್ ಪ್ರಶಸ್ತಿಗಳಲ್ಲಿ, 2019ರಲ್ಲಿ, ಅತ್ಯುತ್ತಮ ಧಾರಾವಾಹಿ ಮತ್ತು ಚಿತ್ರಕಥೆಯ ಗೌರವ ಇದಕ್ಕೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಇದರ ಒಂದು ಕಿರಿಕಿರಿಯನ್ನು ಮಾತ್ರ ವಿವರವಾಗಿಯೇ ಹೇಳಬೇಕು. ನನಗೆ ಸಿಕ್ಕಿದ್ದು ಇಂಗ್ಲಿಷ್ ಸಬ್‌ಟೈಟಲ್ ಮಾತ್ರ. ಪಕ್ಕದಲ್ಲಿ ಕೂತ ಅಮ್ಮನಿಗೆ ಇಂಗ್ಲಿಷ್ ಓದಲು ಬಾರದ ಕಾರಣ ಸಾಲು ಸಾಲಿಗೂ ನಾನೇ ಕನ್ನಡದಲ್ಲಿ ಹೇಳುತ್ತಿದ್ದೆ. ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ ಎಂದು ತೀರ್ಮಾನಿಸಲೇಬೇಕು; ಇಂಗ್ಲಿಷಿನ ‘ಯೂ’ ಅದರ ಸುಳಿವನ್ನೇ ಕೊಡುವುದಿಲ್ಲ. ಡಾಂಗ್-ಹೂನನ ಕಂಪನಿಯ ಸಿಇಒ ಕಾಲೇಜಿನಲ್ಲಿ ಅವನಿಗಿಂತ ಕಿರಿಯನಾಗಿದ್ದವನು, ಸಾಲದ್ದಕ್ಕೆ ಡಾಂಗ್-ಹೂನನ ಹೆಂಡತಿಯ ಜೊತೆ ಗುಟ್ಟಾಗಿ ಸಂಬಂಧ ಇಟ್ಟುಕೊಂಡವನು. ನಾನು ಆ ಇಬ್ಬರ ಮಾತನ್ನು ಏಕವಚನದಲ್ಲಿ ಹೇಳುತ್ತಾ ಹೋದೆ. “ಅಲ್ಲ ಕಣೆ, ಸಾಹೇಬನಿಗೇ ನೀನು ಅಂತಾನಲ್ಲ, ಇವನನ್ನ ಕೆಲಸದಲ್ಲಿ ಇಟ್ಕೋತಾರಾ?” ಎಂದರು ಅಮ್ಮ.

ಮರುದಿನದಿಂದ ಸಬ್‌ಟೈಟಲ್‌ಗಿಂತ ಕಿವಿಯನ್ನೇ ನೆಚ್ಚಿಕೊಂಡೆ. ವಾಕ್ಯದ ಕೊನೆಯಲ್ಲಿ ‘ಯೊ’ ಅಥವಾ ‘ನಿದಾ’ ಕೇಳಿಸಿದರೆ ಬಹುವಚನ, ಅವು ಬಿದ್ದುಹೋದರೆ ಏಕವಚನ ಎಂಬುದು ನನ್ನ ಮೋಟು ಲೆಕ್ಕ. ಈ ಲೆಕ್ಕ ಹಿಡಿದ ಮೇಲೆ ಹೊಸ ಧಾರಾವಾಹಿಯನ್ನೇ ನೋಡಿದಂತಾಯಿತು, ಏಕೆಂದರೆ ಕಥೆಯ ಅರ್ಧ ಜಗಳ ನಡೆಯುವುದೇ ಆ ಕೊನೆಯ ಅಕ್ಷರಗಳಲ್ಲಿ. ಕಚೇರಿಯವರು ಡಾಂಗ್-ಹೂನನನ್ನು ಹುದ್ದೆಯ ಹೆಸರಿಗೆ ಗೌರವದ ‘ನಿಮ್’ ಸೇರಿಸಿ ಕರೆದರೆ, ಜಿ-ಆನ್ ಕರೆಯುವುದು ‘ಅಜೊಶ್ಶಿ’ ಎಂದು. ನಂಟಿಲ್ಲದ ನಡುವಯಸ್ಸಿನ ಗಂಡಸನ್ನು ಕರೆಯುವ ಆ ಪದ ಮೂಲ ಶೀರ್ಷಿಕೆಯಲ್ಲೂ ಇದೆ. ಅಣ್ಣ ಎಂದರೆ ಸಲಿಗೆ ಹೆಚ್ಚಾಗುತ್ತದೆ, ಯಜಮಾನರೇ ಎಂದರೆ ದೂರವಾಗುತ್ತದೆ. ಕೊನೆಗೆ ಅಮ್ಮನಿಗೆ ‘ಅಂಕಲ್’ ಎಂದೇ ಹೇಳಿ ಸುಧಾರಿಸಿದೆ. ಇಂಗ್ಲಿಷಿನ ‘ಮಿಸ್ಟರ್’ಗಿಂತ ಅದೇ ವಾಸಿ.

‘ದ ವರ್ಲ್ಡ್ ಬಿಟ್ವೀನ್ ಅಸ್’ 2019ರಲ್ಲಿ ತೈವಾನಿನ ಸಾರ್ವಜನಿಕ ವಾಹಿನಿ ಪಿಟಿಎಸ್‌ನಲ್ಲಿ ಬಂದದ್ದು, ಹತ್ತೇ ಕಂತು. ಚಿತ್ರಮಂದಿರದಲ್ಲಿ ಗುಂಡು ಹಾರಿಸಿ ಜನರನ್ನು ಕೊಂದವನೊಬ್ಬ, ಅವನ ವಕೀಲ, ಮಗನನ್ನು ಕಳೆದುಕೊಂಡ ಸುದ್ದಿವಾಹಿನಿಯ ಅಧಿಕಾರಿ, ಮುಖಗವುಸಿನ ಹಿಂದೆ ಬದುಕುವ ಕೊಲೆಗಾರನ ತಂದೆತಾಯಿ, ಹೆಸರು ಬದಲಿಸಿಕೊಂಡು ಅದೇ ವಾಹಿನಿಗೆ ಕೆಲಸಕ್ಕೆ ಸೇರುವ ಅವನ ತಂಗಿ. ಬುದ್ಧಿಗೆ ಇದು ಮೂರರಲ್ಲಿ ಎಲ್ಲಕ್ಕಿಂತ ಪ್ರಾಮಾಣಿಕ. ಯಾರಿಗೂ ಸುಲಭದ ಬಿಡುಗಡೆ ಕೊಡುವುದಿಲ್ಲ. ಆದರೆ ದಿನಕ್ಕೊಂದು ಕಂತಿಗಿಂತ ಹೆಚ್ಚು ನನ್ನಿಂದಾಗಲಿಲ್ಲ, ಅಮ್ಮ ಮೂರನೆಯದಕ್ಕೇ ಎದ್ದು ಹೋದರು.

ನಮ್ಮ ಮನೆಯಲ್ಲಿ ಒಂದು ಸಲಕ್ಕೆ ಒಂದೇ ಚಂದಾ, ಅಮ್ಮನ ಜೊತೆ ನೋಡುವಾಗ ರಾತ್ರಿ ಊಟವಾದ ಮೇಲೆ ಒಂದೇ ಕಂತು. ಈ ಅಳತೆಗೆ ಗಂಟೆ ಮೀರುವ ‘ಮೈ ಮಿಸ್ಟರ್’ ಕಂತುಗಳು ಉದ್ದವೇ ಸರಿ, ಮೊದಲ ನಾಲ್ಕು ಮಂದವೂ ಹೌದು. ಆದರೂ ಒಂದು ತಿಂಗಳಿನೊಳಗೆ ಮುಗಿಯುತ್ತದೆ. ಸೇಡಿನ ಕಥೆಯೇ ಬೇಕೆನ್ನುವವರು ‘ದ ಗ್ಲೋರಿ’ಗೂ ಒಂದು ತಿಂಗಳಷ್ಟೇ ಕಟ್ಟಲಿ. ನಾನು ಕಳೆದ ವಾರ ಮತ್ತೆ ಚಂದಾ ಕಟ್ಟಿದ್ದೇನೆ. ಅಮ್ಮನಿಗೆ ಆ ತಳ್ಳುಗಾಡಿಯ ಕಂತು ಇನ್ನೊಮ್ಮೆ ನೋಡಬೇಕಂತೆ. ಡಾಂಗ್-ಹೂನನಾಗಿ ನಟಿಸಿದ ಲೀ ಸನ್-ಕ್ಯುನ್ 2023ರ ಡಿಸೆಂಬರಿನಲ್ಲಿ ತೀರಿಕೊಂಡದ್ದನ್ನು ಅವರಿಗೆ ನಾನಿನ್ನೂ ಹೇಳಿಲ್ಲ.