ಚಂದನ ನೋಡೋಕೆ ಫ್ರೀ ಡಿಶ್ಶಾ, ಕೇಬಲ್ಲಾ, ಮೊಬೈಲಾ?

ಗದಗ ಕಡೆ ಹಳ್ಳಿಯಲ್ಲಿರುವ ಅವ್ವನಿಗೆ ಚಂದನ ವಾಹಿನಿ ಬರಬೇಕು, ಏನು ಹಾಕಿಸಲಿ ಅಂತ ಕೇಳಿದ್ದೀರಿ. 2002ರಲ್ಲಿ ಶುರುವಾದ ‘ಥಟ್ ಅಂತ ಹೇಳಿ’ ಒಂದಕ್ಕಾದರೂ ಅದು ಮನೆಯಲ್ಲಿರಬೇಕು ಅನ್ನೋಳು ನಾನು.

ಖರ್ಚು ನೋಡಿದರೆ ಡಿಡಿ ಫ್ರೀ ಡಿಶ್. ಡಿಶ್, ಬಾಕ್ಸ್ ಒಮ್ಮೆ ಕೊಂಡರೆ ಆಯ್ತು, ತಿಂಗಳ ದುಡ್ಡಿಲ್ಲ. ಆದರೆ ಮೊದಲು ಮಾಳಿಗೆ ಹತ್ತಿ ಆಗ್ನೇಯ ದಿಕ್ಕು ನೋಡಿ. ನಮ್ಮ ಕಡೆಯಿಂದ ಅದರ ಉಪಗ್ರಹ ಇರೋದು ಅತ್ತಲೇ. ತೆಂಗಿನ ಗರಿ ಅಡ್ಡ ಬಂದರೂ ಚಿತ್ರ ಒಡೆಯುತ್ತದೆ. ಜೋರು ಮಳೆಗೆ ಸ್ವಲ್ಪ ಹೊತ್ತು ಸಿಗ್ನಲ್ ಹೋಗೋದೂ ಇದ್ದದ್ದೇ.

ಅವ್ವನಿಗೆ ಉದಯದಂಥ ದುಡ್ಡಿನ ಚಾನೆಲ್‌ನ ಧಾರಾವಾಹಿಯೂ ಬೇಕಾ? ಹಾಗಾದರೆ ಕೇಬಲ್. ತಿಂಗಳು ತಿಂಗಳು ಕಟ್ಟಬೇಕು, ಆದರೆ ಕೆಟ್ಟರೆ ಕೇಬಲ್ ಹುಡುಗನನ್ನು ಕರೆಯಬಹುದು.

ಹಳೆಯ ಕಂತು ನೋಡೋಕೆ ಹುಬ್ಬಳ್ಳಿಯಲ್ಲಿರುವ ನಿಮಗೆ ಯೂಟ್ಯೂಬ್ ಸಾಕು. ಅವ್ವನಿಗೆ ಮಾತ್ರ ಸಣ್ಣ ಪರದೆ, ರೀಚಾರ್ಜ್ ರಗಳೆ ಸುಮ್ನೆ ಯಾಕೆ?